ಪಾಸ್ಖ (ಈಸ್ಟರ್) ಹಬ್ಬದ ಸಾಮಗ್ರಿಗಳಿಗೆ ಮೈಸೂರಿನ ಒಂದು ಅಂಗಡಿ: ಏನನ್ನು ಕೊಳ್ಳಬಹುದು, ಏನನ್ನು ಬಿಡಬಹುದು

ಮೈಸೂರಿನ ಅಶೋಕ ರಸ್ತೆಯ ಆಸುಪಾಸಿನಲ್ಲಿ, ಸಂತ ಫಿಲೋಮಿನಾ ಪ್ರಧಾನಾಲಯವೆಂಬ ದೊಡ್ಡ ಚರ್ಚಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಜಪಸರ, ಶಿಲುಬೆ, ಪ್ರತಿಮೆ, ಮೇಣದಬತ್ತಿ, ಪ್ರಾರ್ಥನಾ ಪುಸ್ತಕಗಳನ್ನು ಮಾರುವ ಒಂದು ಚಿಕ್ಕ ಅಂಗಡಿಯಿದೆ. ಪಾಸ್ಖಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಮುಗಿಯುತ್ತ ಬಂದಂತೆ ಅಲ್ಲಿ ಪಾಸ್ಖ ಹಬ್ಬದ ಸಾಮಗ್ರಿಗಳು ಬಂದು ಸೇರುತ್ತವೆ. ನಮ್ಮ ಮನೆಗೆ ಬೇಕಾದದ್ದನ್ನೆಲ್ಲ ಬಹಳ ಕಾಲದಿಂದ ಅಲ್ಲಿಯೇ ಕೊಳ್ಳುತ್ತಿರುವುದರಿಂದ, ಅವುಗಳ ಗುಣಮಟ್ಟದ ಬಗ್ಗೆ ವಿವರವಾಗಿ ಬರೆಯಬೇಕೆನ್ನಿಸಿತು. ಬೆಲೆ, ಬಾಳಿಕೆ, ಅಂಗಡಿಯವರ ನಡವಳಿಕೆ ಇವೆಲ್ಲ ಮುಖ್ಯವೇ. ಆದರೆ ಪಾಸ್ಖದ ಹೆಸರಿನಲ್ಲಿ ಮಾರುವ ವಸ್ತುವಿಗೆ ಇನ್ನೊಂದು ಪರೀಕ್ಷೆಯೂ ಇರಬೇಕು: ಶಿಲುಬೆಯ ಮೇಲೆ ಸತ್ತು ಸಮಾಧಿಯಾದ ಯೇಸು ಮೂರನೆಯ ದಿನ ಶರೀರಸಹಿತವಾಗಿ ಎದ್ದರು, ಅವರಂತೆಯೇ ಸತ್ತವರೆಲ್ಲರೂ ಏಳುವರು ಎಂಬ ಧರ್ಮಸಭೆಯ ವಿಶ್ವಾಸವನ್ನು ಆ ವಸ್ತು ಸರಿಯಾಗಿ ಹೇಳುತ್ತದೆಯೇ, ಅಥವಾ ಅದನ್ನು ಮಸುಕು ಮಾಡುತ್ತದೆಯೇ? ನಾನು ಅಲ್ಲಿನ ಸಾಮಾನುಗಳನ್ನು ಅಳೆದಿರುವುದು ಮುಖ್ಯವಾಗಿ ಈ ಅಳತೆಯಿಂದ.

ಮೊದಲು ಹೇಳಬೇಕಾದದ್ದು ಮೇಣದಬತ್ತಿಯ ವಿಷಯ, ಏಕೆಂದರೆ ಅಂಗಡಿಯ ಅತ್ಯುತ್ತಮ ಸರಕು ಅದೇ. ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದ ರಾತ್ರಿ ನಡೆಯುವ ಜಾಗರಣೆಯಲ್ಲಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸಿ, ಆ ಬೆಂಕಿಯಿಂದ ಪಾಸ್ಖದ ದೊಡ್ಡ ಬತ್ತಿಯನ್ನು ಬೆಳಗುತ್ತಾರೆ. ಬೆಳಗುವುದಕ್ಕೆ ಮುನ್ನ ಗುರುಗಳು ಬತ್ತಿಯ ಮೇಲೆ ಶಿಲುಬೆಯ ಗುರುತನ್ನು ಕೊರೆಯುತ್ತಾರೆ. ಅದರ ಮೇಲ್ಭಾಗದಲ್ಲಿ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರವಾದ ಆಲ್ಫಾ, ಕೆಳಗೆ ಕೊನೆಯ ಅಕ್ಷರವಾದ ಒಮೆಗಾ, ಶಿಲುಬೆಯ ತೋಳುಗಳ ನಡುವಿನ ನಾಲ್ಕು ಜಾಗಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳು ಬರುತ್ತವೆ. ಕೊನೆಗೆ ಕ್ರಿಸ್ತನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ಚುಚ್ಚುತ್ತಾರೆ. ಈ ಅಂಗಡಿಯಲ್ಲಿ ಮನೆಯ ಪೀಠದ ಮೇಲೆ ಇಡಲು ಸಿಗುವ ಚಿಕ್ಕ ಬತ್ತಿಯಲ್ಲಿಯೂ ಇವೆಲ್ಲ ಇವೆ. ಅಕ್ಷರಗಳನ್ನೂ ಅಂಕಿಗಳನ್ನೂ ಕಾಗದದ ಚೀಟಿಯಲ್ಲಿ ಅಂಟಿಸದೆ, ಬಣ್ಣದ ಮೇಣದಿಂದಲೇ ಮಾಡಿ ಕೂರಿಸಿರುವುದರಿಂದ ಬತ್ತಿ ಉರಿದು ಕೆಳಗಿಳಿದಂತೆ ಅವೂ ಅದರೊಡನೆ ಕರಗುತ್ತವೆ. ಐದು ಕಾಳುಗಳ ಜಾಗದಲ್ಲಿ ಕೆಂಪು ಮೇಣದ ಗುಂಡುಗಳಿವೆ. ಅದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ.

ಇದೇ ಬತ್ತಿಯ ಅಗ್ಗದ ಮಾದರಿಯೊಂದೂ ಇದೆ, ಅದನ್ನು ಕೊಳ್ಳಬೇಡಿರಿ ಎನ್ನುತ್ತೇನೆ. ಈ ವರ್ಷ ಮಾರಾಟವಾಗದೆ ಉಳಿದದ್ದನ್ನು ಮುಂದಿನ ವರ್ಷ ಮಾರಬಹುದೆಂಬ ಲೆಕ್ಕದಿಂದಲೋ ಏನೋ, ಅದರ ಮೇಲೆ ವರ್ಷದ ಅಂಕಿಗಳೇ ಇಲ್ಲ. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನವಿರಬಹುದು, ಆದರೆ ಆ ನಾಲ್ಕು ಅಂಕಿಗಳು ಅಲಂಕಾರಕ್ಕೆ ಬಂದವಲ್ಲ. ಕ್ರೈಸ್ತರು ಪುನರುತ್ಥಾನವನ್ನು ಎಂದೋ ಒಂದಾನೊಂದು ಕಾಲದಲ್ಲಿ ನಡೆದ ಕಥೆಯೆಂದು ಹೇಳುವುದಿಲ್ಲ. ಪ್ರತಿ ಭಾನುವಾರ ಪೂಜೆಯಲ್ಲಿ ಹೇಳುವ ವಿಶ್ವಾಸಸಂಗ್ರಹದಲ್ಲಿ ಪೊಂತಿಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರು ಉಳಿದುಕೊಂಡಿರುವುದೇ, ಈ ಸಾವು ಮತ್ತು ಎದ್ದೇಳುವಿಕೆ ಇತಿಹಾಸದ ಒಂದು ನಿಶ್ಚಿತ ಕಾಲಕ್ಕೂ ಒಂದು ನಿಶ್ಚಿತ ಊರಿಗೂ ಸೇರಿದವು ಎಂದು ಸಾರುವುದಕ್ಕೆ. ಅಂದು ಎದ್ದವರು ಇಂದಿಗೂ ಜೀವಂತರಾಗಿದ್ದಾರೆ, ಆದ್ದರಿಂದ ಈ ವರ್ಷವೂ ಅವರದೇ ಎಂಬ ಮಾತನ್ನು ಬತ್ತಿಯ ಮೇಲಿನ ಅಂಕಿಗಳು ಹೇಳುತ್ತವೆ. ಅವುಗಳನ್ನು ತೆಗೆದರೆ ಉಳಿಯುವುದು ಒಂದು ಬಿಳಿಯ ಬತ್ತಿ; ಅದು ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ.

ಬತ್ತಿಯ ಮೇಣ ಹೆಚ್ಚಾಗಿ ಪ್ಯಾರಾಫಿನ್. ಜೇನುಮೇಣ ಬೆರೆಸಿದವು ಕೆಲವೇ ಬರುತ್ತವೆ, ಬೆಲೆಯೂ ಹೆಚ್ಚು. ಜಾಗರಣೆಯ ರಾತ್ರಿ ಹಾಡುವ ಪಾಸ್ಖ ಘೋಷಣೆಯಲ್ಲಿ ಜೇನುನೊಣಗಳ ದುಡಿಮೆಯ ಮಾತು ಬರುವುದರಿಂದ, ಸಾಧ್ಯವಿರುವವರು ಅದನ್ನೇ ಆರಿಸಿಕೊಂಡರೆ ಚೆನ್ನ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಎರಡೂ ಬಗೆಯವು ಬಾಗುತ್ತವೆ, ಮಂಡ್ಯ ಕಡೆಯಿಂದ ಬಂದು ಕೊಂಡುಹೋಗುವವರು ಗಮನಿಸಬೇಕು. ಜಾಗರಣೆಗೆ ಬೇಕಾದ ಕೈಬತ್ತಿಗಳು ಕಾಗದದ ಬಟ್ಟಲಿನೊಡನೆ ಸಿಗುತ್ತವೆ, ಮೇಣ ಕೈಮೇಲೆ ಬೀಳುವುದಿಲ್ಲ.

ಈ ಬತ್ತಿಯ ಬಗ್ಗೆ ಅಂಗಡಿಯವರು ಹೇಳದ, ಆದರೆ ಕೊಳ್ಳುವವರಿಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ಚರ್ಚಿನ ಪಾಸ್ಖ ಬತ್ತಿಯನ್ನು ಹಬ್ಬದ ಕಾಲ ಮುಗಿದ ಮೇಲೆ ಮೂಲೆಗೆ ಸೇರಿಸುವುದಿಲ್ಲ. ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ಅದನ್ನು ಹಚ್ಚಿ, ಅದರಿಂದ ಮಗುವಿನ ಬತ್ತಿಯನ್ನು ಬೆಳಗುತ್ತಾರೆ. ಯಾರಾದರೂ ತೀರಿಕೊಂಡಾಗ ಅಂತ್ಯಕ್ರಿಯೆಯ ಪೂಜೆಯಲ್ಲಿ ಶವಪೆಟ್ಟಿಗೆಯ ಬಳಿ ಅದನ್ನೇ ಇಡುತ್ತಾರೆ. ಹುಟ್ಟಿದ ಮಗುವಿಗೂ ಸತ್ತ ಅಜ್ಜನಿಗೂ ಒಂದೇ ದೀಪವನ್ನು ಇಡುವ ಈ ಕ್ರಮದಲ್ಲಿ ಪುನರುತ್ಥಾನದ ಬೋಧನೆ ಪೂರ್ತಿಯಾಗಿ ಅಡಗಿದೆ. ನೀರಿನಲ್ಲಿ ಕ್ರಿಸ್ತನೊಡನೆ ಸತ್ತು ಎದ್ದವನು ಮಣ್ಣಿನಿಂದಲೂ ಅವರೊಡನೆ ಏಳುವನು ಎಂದು ಮೊದಲ ಕಾಲದ ಬೋಧಕರಾದ ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ತಾತ್ಪರ್ಯವನ್ನು, ಓದುಬರಹ ಬಾರದವರಿಗೂ ಈ ಬತ್ತಿ ತಲುಪಿಸುತ್ತದೆ. ಆದ್ದರಿಂದ ಮನೆಯ ಬತ್ತಿಯನ್ನೂ ಒಂದೇ ದಿನ ಉರಿಸಿ ಮುಗಿಸದೆ, ಹುಟ್ಟುಹಬ್ಬಕ್ಕೂ ತೀರಿಕೊಂಡವರ ನೆನಪಿನ ದಿನಕ್ಕೂ ಹಚ್ಚುವಷ್ಟು ಉಳಿಯುವ ದಪ್ಪ ಗಾತ್ರದ್ದನ್ನೇ ಕೊಳ್ಳಿರಿ.

ಇನ್ನು ಪ್ರತಿಮೆಗಳು. ಅಂಗಡಿಯ ಎಡಗೋಡೆಯ ಕಪಾಟು ನೆಲದಿಂದ ಮೇಲಿನವರೆಗೂ ಶಿಲುಬೆಗಳಿಂದ ತುಂಬಿದೆ: ಮರದ್ದು, ಹಿತ್ತಾಳೆಯದು, ಪ್ಲಾಸ್ಟರಿನದು, ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ಕಿನದು. ಉತ್ಥಿತ, ಎಂದರೆ ಸಾವಿನಿಂದ ಎದ್ದ, ಕ್ರಿಸ್ತರ ಪ್ರತಿಮೆಗಾದರೋ ಗಾಜಿನ ಪೆಟ್ಟಿಗೆಯ ಒಂದು ಮೂಲೆ ಮಾತ್ರ. ಇದು ಈ ಅಂಗಡಿಯೊಂದರದೇ ದೋಷವೇನೂ ಅಲ್ಲ. ನಮ್ಮ ಭಕ್ತಿಯೇ ಹಾಗಿದೆ. ಯೇಸುವಿನ ಕಡೆಯ ಪಯಣವನ್ನು ಧ್ಯಾನಿಸುವ ಶುಭ ಶುಕ್ರವಾರದ ಶಿಲುಬೆಹಾದಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಬರುತ್ತಾರೆ, ಶನಿವಾರ ರಾತ್ರಿಯ ದೀರ್ಘ ಜಾಗರಣೆಗೆ ಅಷ್ಟು ಜನ ಬರುವುದಿಲ್ಲ. ನೋವು ನಮಗೆ ಪರಿಚಿತ, ಆದ್ದರಿಂದ ನೋವಿನ ದೇವರ ಮುಂದೆ ನಿಲ್ಲುವುದು ಸುಲಭ. ಸಾವನ್ನು ಗೆದ್ದವರ ಮುಂದೆ ನಿಲ್ಲುವುದಕ್ಕೆ ಬೇರೆಯೇ ಧೈರ್ಯ ಬೇಕು, ಏಕೆಂದರೆ ಅವರನ್ನು ನಂಬಿದರೆ ನಮ್ಮ ಬದುಕು ಇದ್ದಂತೆ ಇರಲಾಗುವುದಿಲ್ಲ. ಪ್ರಧಾನಾಲಯದ ಬಣ್ಣದ ಗಾಜಿನ ಕಿಟಕಿಗಳನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಅಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣದ ಜೊತೆಯಲ್ಲಿಯೇ ಪುನರುತ್ಥಾನ ಮತ್ತು ಸ್ವರ್ಗಾರೋಹಣದ ಚಿತ್ರಗಳೂ ಇವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಕಟ್ಟಡ ಕಥೆಯನ್ನು ಕೊನೆಯವರೆಗೆ ಹೇಳುತ್ತದೆ. ಅಂಗಡಿಯ ಕಪಾಟು ಶುಕ್ರವಾರಕ್ಕೇ ನಿಂತುಬಿಟ್ಟಿದೆ.

ಮೂಲೆಯಲ್ಲಿರುವ ಆ ಉತ್ಥಿತ ಕ್ರಿಸ್ತರ ಪ್ರತಿಮೆಯ ಬಗ್ಗೆಯೂ ನನಗೆ ಸಮಾಧಾನವಿಲ್ಲ. ಕೆಲಸ ಅಚ್ಚುಕಟ್ಟಾಗಿದೆ, ಬಣ್ಣ ಎದ್ದು ಬರುವಂಥದ್ದಲ್ಲ, ಪೀಠ ಅಲುಗಾಡುವುದಿಲ್ಲ. ಆದರೆ ಕೈಗಳಲ್ಲಿ, ಪಾದಗಳಲ್ಲಿ, ಪಕ್ಕೆಯಲ್ಲಿ ಒಂದು ಗಾಯದ ಗುರುತೂ ಇಲ್ಲ. ಅಂಗಡಿಯಲ್ಲಿ ಕುಳಿತಿದ್ದ ಹಿರಿಯ ಹೆಂಗಸನ್ನು ಇದರ ಬಗ್ಗೆ ಕೇಳಿದೆ. “ಹಬ್ಬದ ದಿನ ಗಾಯ ಯಾಕಮ್ಮಾ ಅಂತಾರೆ ಸಾರ್ ಜನ, ಅದಕ್ಕೇ ಇಂಥದ್ದು ತರಿಸ್ತೀವಿ” ಎಂದರು. ಅವರು ಹೇಳಿದ್ದು ಕೊಳ್ಳುವವರ ಮನಸ್ಸನ್ನು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೂ ಯೇಸುವಿನ ಚರಿತ್ರೆಯಾದ ಬೈಬಲಿನ ಶುಭಸಂದೇಶಗಳು ಹೇಳುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಲೂಕನು ಬರೆದಂತೆ, ಶಿಷ್ಯರು ತಾವು ಕಂಡದ್ದು ಭೂತವಿರಬೇಕೆಂದು ಬೆಚ್ಚಿದಾಗ ಯೇಸು ತಮ್ಮ ಕೈಕಾಲುಗಳನ್ನು ತೋರಿಸಿ, ಭೂತಕ್ಕೆ ಮಾಂಸವೂ ಎಲುಬೂ ಇರುವುದಿಲ್ಲವೆಂದು ಹೇಳಿ, ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ತಿಂದರು. ಯೊವಾನ್ನನ ಶುಭಸಂದೇಶದಲ್ಲಿ, ಸಂದೇಹಪಟ್ಟ ಶಿಷ್ಯನಾದ ತೋಮನು ಕೇಳಿದ್ದು ಗಾಯಗಳನ್ನೇ, ಅವನಿಗೆ ಯೇಸು ತೋರಿಸಿದ್ದೂ ಗಾಯಗಳನ್ನೇ. ಎದ್ದವರು ಬೇರೆ ಯಾರೋ ಅಲ್ಲ, ಶುಕ್ರವಾರ ಸತ್ತವರೇ ಎಂಬುದಕ್ಕೆ ಆ ಗುರುತುಗಳನ್ನೇ ಅವರು ಶಿಷ್ಯರಿಗೆ ಆಧಾರವಾಗಿ ತೋರಿಸಿದರು. ಗಾಯವಿಲ್ಲದ ಪ್ರತಿಮೆ ನೋವನ್ನು ಅಳಿಸಿ ಹಾಕುವ ದೇವರನ್ನು ತೋರಿಸುತ್ತದೆ. ಶುಭಸಂದೇಶ ತೋರಿಸುವ ದೇವರು ನೋವನ್ನು ತಮ್ಮ ಮಹಿಮೆಯೊಳಗೇ ತೆಗೆದುಕೊಂಡವರು. ಕಾಯಿಲೆಯಲ್ಲಿ ಮಲಗಿದವರ ಮನೆಗೆ ಈ ಎರಡರಲ್ಲಿ ಯಾವ ಪ್ರತಿಮೆಯನ್ನು ಕೊಂಡೊಯ್ಯಬೇಕೆಂದು ಕೊಳ್ಳುವವರೇ ಯೋಚಿಸಲಿ. ಗಾಯಗಳಿರುವ ರೂಪವೇ ಬೇಕೆಂದರೆ ಅದೇ ಅಂಗಡಿಯಲ್ಲಿ ಯೇಸುವಿನ ದೈವಿಕ ಕರುಣೆಯ ಪಟವಿದೆ. ಅದರಲ್ಲಿ ಎತ್ತಿದ ಕೈಯ ಗಾಯ ಸ್ಪಷ್ಟವಾಗಿ ಕಾಣುತ್ತದೆ. 2000ನೆಯ ಇಸವಿಯಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಅವರು ಪಾಸ್ಖದ ನಂತರದ ಭಾನುವಾರವನ್ನು ದೈವಿಕ ಕರುಣೆಯ ಭಾನುವಾರವೆಂದು ಘೋಷಿಸಿದ್ದರಿಂದ ಆ ಪಟ ಈ ಕಾಲಕ್ಕೆ ಒಪ್ಪುತ್ತದೆ ಕೂಡ.

ಶರೀರ ಅದೇ, ಆದರೆ ಅದು ಹಳೆಯ ಸ್ಥಿತಿಗೆ ಮರಳಿದ ಶರೀರವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ, ಯೇಸು ತಮ್ಮ ಸತ್ತ ಗೆಳೆಯ ಲಾಜರನನ್ನು ಎಬ್ಬಿಸುವ ಪಟವನ್ನೂ ಪಾಸ್ಖದ ಪಟಗಳ ಜೊತೆಯಲ್ಲಿಯೇ ತೂಗುಹಾಕಿದ್ದಾರೆ. ಲಾಜರನು ಸಮಾಧಿಯಿಂದ ಹೊರಗೆ ಬಂದದ್ದು ಮತ್ತೊಮ್ಮೆ ಸಾಯುವುದಕ್ಕೆ. ಕ್ರಿಸ್ತನು ಎದ್ದದ್ದು ಇನ್ನೆಂದೂ ಸಾಯದಂತೆ. ಮುಚ್ಚಿದ ಬಾಗಿಲಿನ ಒಳಗೆ ಬಂದು ನಿಂತವರು, ಎಮ್ಮಾವುಸ್ ಎಂಬ ಊರಿನ ದಾರಿಯಲ್ಲಿ ಶಿಷ್ಯರ ಜೊತೆಗೆ ನಡೆದರೂ ರೊಟ್ಟಿ ಮುರಿಯುವವರೆಗೆ ಗುರುತು ಸಿಗದವರು, ಮಗ್ದಲದ ಮರಿಯಳಿಗೆ ತೋಟದವನಂತೆ ಕಂಡು ಹೆಸರು ಹಿಡಿದು ಕರೆದಾಗಲೇ ತಿಳಿದವರು ಅವರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲರು ಇದನ್ನು ಬಿತ್ತನೆಯ ಕಾಳಿನಿಂದ ವಿವರಿಸುತ್ತಾರೆ. ಮಂಡ್ಯದ ಗದ್ದೆಯಲ್ಲಿ ಭತ್ತದ ಒಟ್ಟಲು ಹಾಕಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ: ಮಣ್ಣಿಗೆ ಬಿದ್ದ ಕಾಳು ಕಾಳಾಗಿಯೇ ಉಳಿದರೆ ಪೈರಿಲ್ಲ, ಆದರೆ ಬಂದ ಪೈರು ಆ ಕಾಳಿನದೇ. ಅದೇ ಅಧ್ಯಾಯದಲ್ಲಿ ಎದ್ದ ಕ್ರಿಸ್ತನನ್ನು ಪೌಲರು ಸತ್ತವರ ಪೈಕಿ ಪ್ರಥಮ ಫಲವೆನ್ನುತ್ತಾರೆ, ಎಂದರೆ ಉಳಿದ ಬೆಳೆ ಇನ್ನು ಬರಬೇಕಾಗಿದೆ. ಪುನರ್ಜನ್ಮಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ನೆರೆಹೊರೆಯವರು ಪ್ರೀತಿಯಿಂದ ಕೇಳುವುದುಂಟು. ಇಲ್ಲಿ ಆತ್ಮವು ಇನ್ನೊಂದು ಶರೀರವನ್ನು ಹುಡುಕಿಕೊಂಡು ಹೋಗುವುದಿಲ್ಲ, ಮತ್ತೆ ಮತ್ತೆ ಹುಟ್ಟುವುದೂ ಇಲ್ಲ; ಒಮ್ಮೆ ಬದುಕಿ ಸತ್ತ ಈ ಮನುಷ್ಯನೇ, ತನ್ನದೇ ಶರೀರದಲ್ಲಿ, ದೇವರ ಶಕ್ತಿಯಿಂದ ಮಾರ್ಪಟ್ಟು ಏಳುತ್ತಾನೆ ಎಂಬುದು ಕ್ರೈಸ್ತರ ನಂಬಿಕೆ.

ಅಂಗಡಿಯಲ್ಲಿ ನಾನು ಕಂಡ ಅತಿ ಒಳ್ಳೆಯ ವಸ್ತು ಹಿಂಬದಿಯ ಕೌಂಟರಿನಲ್ಲಿ ಇತರ ಪಟಗಳ ಅಡಿಯಲ್ಲಿ ಬಿದ್ದಿತ್ತು: ಗ್ರೀಕ್ ಮೊದಲಾದ ಪೂರ್ವದ ಕ್ರೈಸ್ತ ಸಭೆಗಳ ಪುನರುತ್ಥಾನ ಚಿತ್ರದ ಒಂದು ಚಿಕ್ಕ ಮುದ್ರಿತ ಪ್ರತಿ, ಮರದ ಹಲಗೆಗೆ ಅಂಟಿಸಿದ್ದು. ಸಮಾಧಿಯಿಂದ ಬಿಳಿಯ ಬಾವುಟ ಹಿಡಿದು ಮೇಲಕ್ಕೆ ಹಾರುತ್ತಿರುವ ಕ್ರಿಸ್ತನ ಚಿತ್ರ ನಮಗೆಲ್ಲ ಗೊತ್ತು, ಅದು ಪಶ್ಚಿಮದ ಚಿತ್ರಕಾರರ ಕಲ್ಪನೆ. ನಾಲ್ಕು ಶುಭಸಂದೇಶಗಳಲ್ಲಿ ಒಂದಾದರೂ ಯೇಸು ಏಳುವ ಕ್ಷಣವನ್ನು ವರ್ಣಿಸುವುದಿಲ್ಲ. ಅದನ್ನು ಕಂಡವರು ಯಾರೂ ಇಲ್ಲ. ಪೂರ್ವದ ಚಿತ್ರಕಾರರು ಆ ಕ್ಷಣದ ಗೊಡವೆಗೆ ಹೋಗದೆ, ಪಾತಾಳಕ್ಕೆ ಇಳಿದ ಕ್ರಿಸ್ತನನ್ನು ಬರೆದರು. ಅವರ ಕಾಲಡಿಯಲ್ಲಿ ಮರಣಲೋಕದ ಬಾಗಿಲುಗಳು ಮುರಿದು ಬಿದ್ದಿವೆ, ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಏವಳನ್ನೂ ಮಣಿಕಟ್ಟು ಹಿಡಿದು ಗೋರಿಯಿಂದ ಎಳೆಯುತ್ತಿದ್ದಾರೆ. ಕೈ ಚಾಚಿ ಹಿಡಿದುಕೊಳ್ಳುವ ಶಕ್ತಿಯೂ ಸತ್ತವರಿಗಿಲ್ಲ, ಹಿಡಿಯುವವರು ಕ್ರಿಸ್ತರೇ ಎಂಬುದನ್ನು ಮಣಿಕಟ್ಟು ಹಿಡಿದ ರೀತಿಯೇ ಹೇಳುತ್ತದೆ. ಇಸ್ತಾಂಬುಲಿನಲ್ಲಿ ಹಿಂದೆ ಚರ್ಚಾಗಿದ್ದ, ಈಗ ಮಸೀದಿಯಾಗಿರುವ ಖೋರಾ ಕಟ್ಟಡದಲ್ಲಿ 14ನೆಯ ಶತಮಾನದ ಇಂಥ ಭಿತ್ತಿಚಿತ್ರವೊಂದು ಲೋಕಪ್ರಸಿದ್ಧವಾಗಿದೆ. ಯೇಸು ಒಬ್ಬರೇ ಏಳಲಿಲ್ಲ, ಮನುಕುಲವನ್ನು ಎಳೆದುಕೊಂಡು ಎದ್ದರು ಎಂಬ ಪಾಸ್ಖದ ತಿರುಳನ್ನು ಇಷ್ಟು ನೇರವಾಗಿ ಹೇಳುವ ಬೇರೆ ಚಿತ್ರವನ್ನು ನಾನು ಕಂಡಿಲ್ಲ. ಮುದ್ರಣ ಸುಮಾರಾಗಿದೆ, ಬಣ್ಣ ಸ್ವಲ್ಪ ಗಾಢವಾಯಿತು. ಹಾಗಿದ್ದರೂ ಸಿಕ್ಕಿದರೆ ಬಿಡಬೇಡಿರಿ.

ಶುಭಾಶಯ ಪತ್ರಗಳ ವಿಭಾಗ ದುರ್ಬಲವಾಗಿದೆ. ಇಂಗ್ಲಿಷಿನವೇ ಹೆಚ್ಚು, ತಮಿಳಿನವು ಕೆಲವು, ಕನ್ನಡದವು ಬೆರಳೆಣಿಕೆ. ಚಿತ್ರಗಳಲ್ಲಿ ಮೊಲ, ಕೋಳಿಮರಿ, ಮಂಜು ಕರಗಿದ ಬಯಲಿನ ಹೂವು. ಪಾಸ್ಖದ ಮೊಟ್ಟೆಗೆ ಒಂದು ಚರಿತ್ರೆಯಿದೆ: ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲವಾದ್ದರಿಂದ ಹಬ್ಬದ ದಿನ ಅದು ಸಂತೋಷದ ಊಟವಾಯಿತು, ಮುಚ್ಚಿದ ಸಮಾಧಿಯಿಂದ ಹೊರಬರುವ ಜೀವಕ್ಕೆ ಗುರುತೂ ಆಯಿತು, ನಮ್ಮ ಬೇಕರಿಗಳ ಸಕ್ಕರೆ ಮೊಟ್ಟೆಯನ್ನು ಮಕ್ಕಳಿಗೆ ಕೊಡುವಾಗ ಇದನ್ನು ಹೇಳಿಕೊಟ್ಟರೆ ಸಾಕು. ಜರ್ಮನ್ ನಾಡುಗಳಿಂದ ಬಂದ ಮೊಲಕ್ಕೆ ಅಷ್ಟೂ ಸಂಬಂಧವಿಲ್ಲ. ಇನ್ನು ವಸಂತ: ಅದು ನಮಗೆ ಯುಗಾದಿಯೊಡನೆ ಬರುತ್ತದೆ, ಬಂದೇ ಬರುತ್ತದೆ, ಪ್ರತಿ ವರ್ಷವೂ ಬರುತ್ತದೆ. ಯುಗಾದಿಯಂತೆ ಪಾಸ್ಖವೂ ಚಂದ್ರನನ್ನು ಅನುಸರಿಸುವ ಹಬ್ಬವೇ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಅದು ಬೀಳುತ್ತದೆ. ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ನೈಸಿಯಾದ ಮಹಾಸಭೆ ನಿರ್ಣಯಿಸಿತು. ಆದರೆ ಹಬ್ಬದ ದಿನ ತಿರುಗಿ ಬರುತ್ತದೆಯೇ ಹೊರತು, ಹಬ್ಬವು ನೆನೆಯುವ ಘಟನೆ ತಿರುಗಿ ಬರುವಂಥದ್ದಲ್ಲ. ಚಿಗುರು ಒಡೆಯುವುದು ಪ್ರಕೃತಿಯ ಸಹಜ ನಡೆ. ಸತ್ತ ಮನುಷ್ಯ ಏಳುವುದು ಸಹಜವಲ್ಲ. ಆದ್ದರಿಂದಲೇ, ಸಮಾಧಿ ಬರಿದಾಗಿದೆಯೆಂದು ಮಹಿಳೆಯರು ಬಂದು ತಿಳಿಸಿದಾಗ ಯೇಸುವಿನ ಆಪ್ತ ಶಿಷ್ಯರಾದ ಪ್ರೇಷಿತರಿಗೆ ಅದು ಹುಚ್ಚುಮಾತಾಗಿ ಕಂಡಿತೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹೆಣ್ಣಿನ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲಿ ಮೊದಲ ಸಾಕ್ಷಿಗಳು ಮಹಿಳೆಯರೆಂದು ನಾಲ್ಕು ಶುಭಸಂದೇಶಗಳೂ ಹೇಳುತ್ತವೆ. ಕಟ್ಟುಕಥೆಯಾಗಿದ್ದರೆ ಯಾರೂ ಹೀಗೆ ಕಟ್ಟುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಗಿನ ಜಾವ ಸುಗಂಧದ್ರವ್ಯ ಹಿಡಿದು ನಡೆಯುತ್ತಿರುವ ಆ ಮಹಿಳೆಯರ ಚಿತ್ರವಿರುವ ಒಂದು ಕನ್ನಡ ಶುಭಾಶಯ ಪತ್ರವನ್ನು ಅಂಗಡಿಯವರು ಅಚ್ಚು ಹಾಕಿಸಿದರೆ ಖಂಡಿತ ಮಾರಾಟವಾಗುತ್ತದೆ.

ಅಂಗಡಿಯವರು ತೀರಿಕೊಂಡವರ ನೆನಪಿನ ಕಾರ್ಡುಗಳನ್ನೂ ಮುದ್ರಿಸಿಕೊಡುತ್ತಾರೆ, ಈ ಸೇವೆ ಹಲವರಿಗೆ ತಿಳಿದಿಲ್ಲ. ನಮ್ಮ ತಾಯಿಯವರ ತಿಂಗಳ ಪೂಜೆಗೆ ಅಲ್ಲಿಯೇ ಮಾಡಿಸಿದೆವು. ಫೋಟೊ ಸ್ಪಷ್ಟವಾಗಿ ಬಂತು, ಕಾಗದ ಗಟ್ಟಿ, ಹೇಳಿದ ದಿನಕ್ಕೆ ಕೊಟ್ಟರು. ಅವರ ಬಳಿ ಸಿದ್ಧವಾಗಿರುವ ಒಕ್ಕಣೆಗಳೆಲ್ಲ ಆತ್ಮಕ್ಕೆ ಶಾಂತಿ ಸಿಗಲಿ ಎಂಬಲ್ಲಿಗೆ ಮುಗಿಯುತ್ತವೆ. ಅದು ಒಳ್ಳೆಯ ಪ್ರಾರ್ಥನೆಯೇ, ಆದರೆ ವಿಶ್ವಾಸಸಂಗ್ರಹ ಅಲ್ಲಿಗೆ ನಿಲ್ಲುವುದಿಲ್ಲ. ಶರೀರಗಳ ಪುನರುತ್ಥಾನವನ್ನೂ ನಿತ್ಯಜೀವವನ್ನೂ ಅದು ಸೇರಿಸಿ ಹೇಳುತ್ತದೆ. ನಮ್ಮನ್ನು ಹೊತ್ತು ಹೆತ್ತು, ಒಲೆಯ ಮುಂದೆ ಬೆವರಿ, ಮುಪ್ಪಿನಲ್ಲಿ ಕುಗ್ಗಿದ ಆ ಶರೀರವೂ ದೇವರಿಗೆ ಬೇಕಾದದ್ದು ಎಂಬ ಮಾತು ನನಗೆ ಆ ದಿನಗಳಲ್ಲಿ ಬೇರೆಲ್ಲ ಸಾಂತ್ವನಗಳಿಗಿಂತ ಹೆಚ್ಚಾಗಿ ಆಸರೆಯಾಯಿತು. ಕಥೋಲಿಕ ಧರ್ಮಸಭೆ 1963ರಿಂದ ದಹನಕ್ಕೂ ಅನುಮತಿ ಕೊಟ್ಟಿದೆ, ಬೂದಿಯಾದದ್ದನ್ನು ಎಬ್ಬಿಸುವುದು ದೇವರಿಗೆ ಕಷ್ಟವೇನಲ್ಲ. ಆದರೂ ಹೂಳುವ ಕ್ರಮವನ್ನೇ ಅದು ಹೆಚ್ಚು ಬಯಸುವುದು ಶರೀರದ ಮೇಲಿನ ಈ ಗೌರವದಿಂದ. ಕಾರ್ಡಿನ ಕೊನೆಯಲ್ಲಿ “ಪುನರುತ್ಥಾನದ ನಿರೀಕ್ಷೆಯಲ್ಲಿ” ಎಂದು ಹಾಕಿಕೊಡಿರೆಂದು ಕೇಳಿದೆ. ಹೆಚ್ಚಿನ ಹಣ ಕೇಳದೆ ಹಾಕಿಕೊಟ್ಟರು. ನೀವೂ ಕೇಳಬಹುದು.

ಪುಸ್ತಕಗಳು ಸಾಕಷ್ಟಿವೆ. ಕಥೋಲಿಕರ ಪವಿತ್ರ ಬೈಬಲ್, ಪ್ರೊಟೆಸ್ಟೆಂಟರ ಸತ್ಯವೇದ ಎರಡೂ ಸಿಗುತ್ತವೆ. ಜಾಗರಣೆಯ ಒಂಬತ್ತು ವಾಚನಗಳನ್ನು, ಅಂದರೆ ಹಳೆಯ ಒಡಂಬಡಿಕೆಯಿಂದ ಏಳು, ಹೊಸದರಿಂದ ಎರಡು, ಒಟ್ಟಿಗೆ ಮುದ್ರಿಸಿದ ಕನ್ನಡ ಕಿರುಹೊತ್ತಗೆಯನ್ನು ಹುಡುಕಿದೆ, ಇರಲಿಲ್ಲ. ಸೃಷ್ಟಿಯಿಂದ ಆರಂಭಿಸಿ, ಕೆಂಪು ಸಮುದ್ರವನ್ನು ದಾಟಿ, ಸಮಾಧಿಯ ಬಾಗಿಲಿಗೆ ತಂದು ನಿಲ್ಲಿಸುವ ಆ ವಾಚನಗಳನ್ನು ಮೊದಲೇ ಮನೆಯಲ್ಲಿ ಓದಿಕೊಂಡು ಹೋದರೆ ರಾತ್ರಿಯ ಪೂಜೆ ದೀರ್ಘವೆನಿಸುವುದಿಲ್ಲ.

ಬೆಲೆಗಳು ನ್ಯಾಯವಾಗಿವೆ, ಚೌಕಾಸಿಗೆ ಅವಕಾಶವಿಲ್ಲ. ಪ್ಲಾಸ್ಟರ್ ಪ್ರತಿಮೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಣಹುಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ, ಬಸ್ಸಿನಲ್ಲಿ ಒಯ್ದರೂ ಒಡೆಯುವುದಿಲ್ಲ. ಫೋನ್ ಮೂಲಕ ಹಣ ಪಾವತಿಸಬಹುದು. ಪವಿತ್ರ ವಾರದಲ್ಲಿ ಸಂಜೆ ತುಂಬ ನೂಕುನುಗ್ಗಲು. ಬೆಳಿಗ್ಗೆ ಹೋಗುವುದು ಒಳ್ಳೆಯದು.

ಒಂದು ದೂರನ್ನು ಅವರಿಗೂ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಪಾಸ್ಖ ಭಾನುವಾರ ಕಳೆದು ಎರಡು ದಿನವಾಗುವುದರೊಳಗೆ ಬತ್ತಿಗಳನ್ನೂ ಪಟಗಳನ್ನೂ ಒಳಗಿಟ್ಟು, ಮೇ ತಿಂಗಳ ಮಾತೆಮರಿಯಮ್ಮನ ಸಾಮಗ್ರಿಗಳನ್ನು ಮುಂದಕ್ಕೆ ತರುತ್ತಾರೆ. ತಪಸ್ಸುಕಾಲಕ್ಕೆ ನಲವತ್ತು ದಿನ ಕೊಟ್ಟ ಧರ್ಮಸಭೆ ಪಾಸ್ಖ ಕಾಲಕ್ಕೆ ಐವತ್ತು ದಿನ ಕೊಟ್ಟಿದೆ. ಪವಿತ್ರಾತ್ಮರ ಆಗಮನದ ಹಬ್ಬದವರೆಗೆ ಚರ್ಚಿನ ಪೀಠದ ಪಕ್ಕದಲ್ಲಿ ಪೂಜೆಯ ಹೊತ್ತಿಗೆ ಬತ್ತಿ ಉರಿಯುತ್ತದೆ. ಹಬ್ಬದ ವಾರ ಊರಿನಲ್ಲಿರದೆ ತಡವಾಗಿ ಬಂದವರು, ಆ ದಿನಗಳಲ್ಲಿಯೇ ಮನೆಯಲ್ಲಿ ಯಾರನ್ನೋ ಕಳೆದುಕೊಂಡವರು ಬಂದು ಕೇಳಿದಾಗ “ಮುಗಿದುಹೋಯಿತು, ಮುಂದಿನ ವರ್ಷ ಬನ್ನಿ” ಎಂಬ ಉತ್ತರ ಸಿಗಬಾರದು. ಮುಂದಿನ ಬಾರಿ ಒಂದು ಕಪಾಟನ್ನಾದರೂ ಐವತ್ತು ದಿನವೂ ಉಳಿಸಿಕೊಳ್ಳುತ್ತೇವೆಂದು ಅಂಗಡಿಯ ಹಿರಿಯರು ಹೇಳಿದ್ದಾರೆ. ಅಲ್ಲಿಯವರೆಗೆ, ಹಬ್ಬದ ನಂತರ ಹೋಗುವವರು ಹೊರಗೆ ಕಾಣಲಿಲ್ಲವೆಂದು ಹಿಂದಿರುಗದೆ ಒಳಗಿನ ಕೋಣೆಯಲ್ಲಿರುವುದನ್ನು ತೆಗೆಸಿ ನೋಡಿರಿ. ಕೇಳಿದರೆ ಬೇಸರಿಸದೆ ತಂದುಕೊಡುತ್ತಾರೆ.